ರಬ್ಬರ್ ಡ್ಯಾಮಿನ ಟಿವಿ, ಬಿಎಲ್1 ಹಲ್ಲು

'ವಿಡಿಯೋಡ್ರೋಮ್' ಸಿನಿಮಾದಲ್ಲಿ ಒಂದು ಟಿವಿ ಉಸಿರಾಡುತ್ತದೆ. ಪೆಟ್ಟಿಗೆಯ ಮೈಮೇಲೆ ನರಗಳು ಉಬ್ಬುತ್ತವೆ. ಪರದೆ ತುಂಬಾ ಒಬ್ಬ ಹೆಂಗಸಿನ ತುಟಿ. ಆಮೇಲೆ ಆ ಪರದೆಯೇ ಮುಂದಕ್ಕೆ ಉಬ್ಬಿಕೊಂಡು ಬರುತ್ತದೆ, ನಾಯಕ ಅದರೊಳಗೆ ಮುಖ ಹುದುಗಿಸುತ್ತಾನೆ. ಇದು 1983ರ ಸಿನಿಮಾ. ಇವತ್ತಿನ ಹಾಗೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಮಾಡಿ ಮುಗಿಸುವ ಕಾಲ ಅಲ್ಲ. ಹಾಗಾದರೆ ಗಾಜಿನ ಪರದೆ ಉಬ್ಬಿದ್ದು ಹೇಗೆ?

ರಬ್ಬರ್ ಡ್ಯಾಮ್. ರೂಟ್ ಕೆನಾಲ್ ಮಾಡಿಸಿಕೊಂಡವರಲ್ಲಿ ಕೆಲವರಿಗಾದರೂ ಗೊತ್ತಿರುತ್ತದೆ. ಬಾಯಿಗೆ ಅಡ್ಡಲಾಗಿ ಹಸಿರೋ ನೀಲಿಯೋ ಒಂದು ರಬ್ಬರ್ ಹಾಳೆ ಎಳೆದು ಕಟ್ಟುತ್ತಾರಲ್ಲ, ಬೇಕಾದ ಹಲ್ಲು ಮಾತ್ರ ತೂತಿನಿಂದ ಹೊರಗೆ ಕಾಣುವ ಹಾಗೆ, ಅದೇ. ಎಂಜಲು ತಾಗಿ ಕೆಲಸ ಕೆಡಬಾರದು ಅಂತ ನ್ಯೂಯಾರ್ಕಿನ ಬಾರ್ನಮ್ ಎಂಬ ದಂತವೈದ್ಯರು 1864ರಲ್ಲಿ ಕಂಡುಹಿಡಿದದ್ದು. ಸಿನಿಮಾದವರು ಅಂಥ ರಬ್ಬರ್ ಹಾಳೆಯನ್ನೇ ಟಿವಿಯ ಪರದೆ ಮಾಡಿ, ವಿಡಿಯೋ ಪ್ರೊಜೆಕ್ಟರಿನಿಂದ ಚಿತ್ರ ಬಿಟ್ಟರು. ಪೆಟ್ಟಿಗೆಯ ಉಸಿರಾಟಕ್ಕೆ ಗಾಳಿಯ ಕಂಪ್ರೆಸರ್. ಅದರ ವಾಲ್ವುಗಳನ್ನು ಪಿಯಾನೋದ ಕೀಲಿಮಣೆಗೆ ಜೋಡಿಸಿ, ಫ್ರ್ಯಾಂಕ್ ಕರೇರ್ ಎಂಬ ತಂತ್ರಜ್ಞ ತಾನೇ ಕೂತು ಒತ್ತುತ್ತಿದ್ದರು. ಟಿವಿ ಏದುಸಿರು ಬಿಡಬೇಕಾದರೆ ಅವರ ಬೆರಳು ಜೋರಾಗಿ ಓಡಬೇಕು.

ನಾನು ಡಾಕ್ಟರ್ ಅಲ್ಲ, ಡೆಂಟಲ್ ಟೆಕ್ನಿಷಿಯನ್. ಪರೇಲ್ ಕಡೆಯ ಒಂದು ಲ್ಯಾಬಿನಲ್ಲಿ ಕೂತು ಡೆಂಚರ್, ಕ್ರೌನ್, ಬ್ರಿಡ್ಜ್ ಅಂತ ಕೃತಕ ಹಲ್ಲು ಮಾಡುವವನು. ರೋಗಿಗಳ ಮುಖ ನಾವು ನೋಡುವುದು ಅಪರೂಪ. ಅವರ ಬಾಯಿ ಮಾತ್ರ ಪ್ಲಾಸ್ಟರಾಗಿ ನಮ್ಮ ಮೇಜಿಗೆ ಬರುತ್ತದೆ. ಈ ರಬ್ಬರ್ ಡ್ಯಾಮಿನ ವಿಷಯ ಓದಿದಾಗ ನನಗೆ ಒಂಥರಾ ಹೆಮ್ಮೆಯಾಯಿತು. ಜನ ಬೆಚ್ಚಿಬಿದ್ದ ಸಿನಿಮಾಕ್ಕೆ ನಮ್ಮ ಕಸುಬಿನ ಸಾಮಾನು!

ಇಂಥ ಸಿನಿಮಾಕ್ಕೆ ಬಾಡಿ ಹಾರರ್ ಅನ್ನುತ್ತಾರೆ. ಹಾಗಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಭೂತ, ಮೋಹಿನಿ, ರಕ್ತ ಕುಡಿಯುವವನು, ಇವರೆಲ್ಲ ಹೊರಗಿನಿಂದ ಬರುವವರು. ಬಾಗಿಲು ಹಾಕಿಕೊಂಡರೆ ಸ್ವಲ್ಪ ಧೈರ್ಯ. ಬಾಡಿ ಹಾರರ್‌ನಲ್ಲಿ ಬಾಗಿಲು ಹಾಕಿ ಪ್ರಯೋಜನ ಇಲ್ಲ. ತೊಂದರೆ ನಿಮ್ಮ ಮೈಯಲ್ಲೇ ಶುರುವಾಗುತ್ತದೆ. ಉಗುರು ಸಡಿಲವಾಗುತ್ತದೆ, ಹಲ್ಲು ಅಲ್ಲಾಡುತ್ತದೆ, ಬೆನ್ನಲ್ಲಿ ಏನೋ ಬೆಳೆಯುತ್ತದೆ. ಕೆನಡಾದ ಡೇವಿಡ್ ಕ್ರೋನೆನ್‌ಬರ್ಗ್ ಈ ಜಾತಿಯ ಸಿನಿಮಾಕ್ಕೆ ಹಿರಿಯಜ್ಜ ಇದ್ದ ಹಾಗೆ. ಅವರ ಸಿನಿಮಾಗಳಲ್ಲಿ ಹಲ್ಲಿಗೆ ಒಳ್ಳೆಯ ಪಾತ್ರ ಇದೆ. 1999ರ 'ಎಕ್ಸಿಸ್ಟೆಂಜ್'ನಲ್ಲಿ ಮೂಳೆಯಿಂದ ಮಾಡಿದ ಒಂದು ಪಿಸ್ತೂಲ್ ಬರುತ್ತದೆ. ಅದರ ಗುಂಡು ಮನುಷ್ಯರ ಹಲ್ಲು. ಮೂರು ಬೇರಿನ ದವಡೆ ಹಲ್ಲು ಅಷ್ಟು ನೆಟ್ಟಗೆ ಹಾರಲ್ಲ ಅಂತ ನನ್ನ ಅಭಿಪ್ರಾಯ. ಇರಲಿ.

ಈ ಸಿನಿಮಾಗಳಿಗೂ ನಮ್ಮ ಕಸುಬಿಗೂ ಇರುವ ನಂಟು ಒಂದು ರಬ್ಬರ್ ಹಾಳೆಗೆ ಮುಗಿಯುವುದಿಲ್ಲ. ನಾನು ಕುಂದಾಪುರ ಕಡೆಯಿಂದ ಮುಂಬೈಗೆ ಬಂದದ್ದು ಸೋದರಮಾವನ ಹೋಟೆಲಿಗೆ, ಘಾಟ್ಕೋಪರಿನಲ್ಲಿ. ಹಗಲು ಟೇಬಲ್ ಒರೆಸುವುದು, ಸಂಜೆ ಫೋರ್ಟಿನ ಕನ್ನಡ ರಾತ್ರಿಶಾಲೆ. ಹೋಟೆಲಿಗೆ ದಿನಾ ಇಡ್ಲಿ ತಿನ್ನಲು ಬರುತ್ತಿದ್ದ ಒಬ್ಬ ದಂತವೈದ್ಯರು, "ಈ ಹುಡುಗ ಚುರುಕಿದ್ದಾನೆ" ಅಂತ ಮಾವನ ಹತ್ತಿರ ಹೇಳಿ ಲ್ಯಾಬಿಗೆ ಸೇರಿಸಿದರು. ಮೊದಲ ಕೆಲಸ ಕ್ಲಿನಿಕ್ಕುಗಳಿಂದ ಇಂಪ್ರೆಷನ್, ಅಂದರೆ ಬಾಯಿಯ ಅಚ್ಚು, ತರುವುದು. ಆಲ್ಜಿನೇಟ್ ಅಂತ ಒಂದು ಪುಡಿ ಇದೆ. ಸಮುದ್ರದ ಕಂದು ಪಾಚಿಯಿಂದ ಬರುವ ಸಾಮಾನು ಅದು. ನೀರಲ್ಲಿ ಕಲಸಿ ಬಾಯಿಗೆ ಇಟ್ಟರೆ ಕೆಲವೇ ನಿಮಿಷದಲ್ಲಿ ಗಟ್ಟಿಯಾಗಿ ಹಲ್ಲಿನ ಅಚ್ಚು ಸಿಗುತ್ತದೆ. ಆದರೆ ಒಣಗಿದರೆ ಅಚ್ಚು ಕುಗ್ಗುತ್ತದೆ, ಕುಗ್ಗಿದ ಅಚ್ಚಿನಿಂದ ಮಾಡಿದ ಹಲ್ಲು ಬಾಯಿಗೆ ಕೂರಲ್ಲ. ಅದಕ್ಕೆ ಒದ್ದೆ ಹತ್ತಿಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಲೋಕಲ್ ಹಿಡಿದು ಓಡಬೇಕು. 1993ರ ಬಾಂಬ್ ಸ್ಫೋಟಗಳಾದ ಮೇಲೆ ಸ್ಟೇಷನ್ನಿನಲ್ಲಿ ಚೀಲ ಬಿಚ್ಚಿಸುತ್ತಿದ್ದರು. ನನ್ನದನ್ನು ಬಿಚ್ಚಿದ ಹವಾಲ್ದಾರ "ಹೇ ಕಾಯ್?" ಅಂತ ಕೇಳಿ, ಸಾಲಾಗಿ ಬಾಯಿ ತೆರೆದುಕೊಂಡಿದ್ದ ಗುಲಾಬಿ ಬಣ್ಣದ ಅಚ್ಚುಗಳನ್ನು ನೋಡಿ, ಮತ್ತೇನೂ ಕೇಳದೆ ಕೈ ಬೀಸಿ ಕಳಿಸಿಬಿಟ್ಟ.

ಹಾರರ್ ಸಿನಿಮಾದ ಮೇಕಪ್ಪಿನವರು ಬಳಸಿದ್ದೂ ಇದೇ ಆಲ್ಜಿನೇಟನ್ನು. ನಟನ ಮುಖಕ್ಕೆ ಪೂರ್ತಿ ಬಳಿದು, ಮೂಗಿನ ಹೊಳ್ಳೆ ಮಾತ್ರ ಉಸಿರಿಗೆ ಬಿಟ್ಟು, ಮೇಲೆ ಪ್ಲಾಸ್ಟರ್ ಬ್ಯಾಂಡೇಜು ಹಾಕಿ ಅಚ್ಚು ತೆಗೆಯುತ್ತಾರೆ. ಅಚ್ಚಿನೊಳಗೆ ಪ್ಲಾಸ್ಟರ್ ಹುಯ್ದರೆ ನಟನ ಮುಖ ಸಿದ್ಧ. ಆ ಮುಖದ ಮೇಲೆ ಜೇಡಿಮಣ್ಣಿನಲ್ಲಿ ರಾಕ್ಷಸನನ್ನು ತಿದ್ದಿ, ಅದರ ಅಚ್ಚು ತೆಗೆದು, ರಬ್ಬರಿನಲ್ಲಿ ಎರಕ. ರಾಕ್ಷಸನ ಕೋರೆಹಲ್ಲು ನಮ್ಮ ಡೆಂಟಲ್ ಅಕ್ರಿಲಿಕ್ಕಿನದೇ. ಡೆಂಚರ್ ಮಾಡುವ ಯಾರಿಗಾದರೂ ಈ ಕ್ರಮ ಬಾಯಿಪಾಠ. ಅಜ್ಜಿಯೊಬ್ಬರಿಗೆ ಚಕ್ಕುಲಿ ಅಗಿಯಲಿಕ್ಕೆ ನಾವು ಮಾಡಿಕೊಡುವುದನ್ನೇ ಅವರು ಜನ ಕಿರುಚಲಿಕ್ಕೆ ಮಾಡುತ್ತಾರೆ, ಅಷ್ಟೇ ವ್ಯತ್ಯಾಸ.

'ವಿಡಿಯೋಡ್ರೋಮ್'ನ ಮೇಕಪ್ ಮಾಡಿದ್ದು ರಿಕ್ ಬೇಕರ್. ಮೇಕಪ್ಪಿಗೆ ಅಂತ ಆಸ್ಕರಿನಲ್ಲಿ ಪ್ರತ್ಯೇಕ ಸ್ಪರ್ಧೆ ಶುರುವಾದಾಗ ಮೊದಲ ಬಹುಮಾನ ಪಡೆದವರು. ಈ ಸಿನಿಮಾದಲ್ಲಿ ನಾಯಕನ ಹೊಟ್ಟೆಯಲ್ಲಿ ಒಂದು ಸೀಳು ತೆರೆದುಕೊಳ್ಳುತ್ತದೆ. ಅದರೊಳಗೆ ವಿಡಿಯೋ ಕ್ಯಾಸೆಟ್ ತುರುಕುತ್ತಾರೆ. ಕ್ಯಾಸೆಟ್ಟಿನಲ್ಲಿ ಏನಿದೆಯೋ ಅದರಂತೆ ಅವನು ನಡೆಯಬೇಕು. ಆಗ ಬೀಟಾಮ್ಯಾಕ್ಸ್, ವಿಎಚ್‌ಎಸ್ ಅಂತ ಎರಡು ಬಗೆಯ ಕ್ಯಾಸೆಟ್ ಇದ್ದವು. ಆ ಕ್ಯಾಸೆಟ್ ಬೀಟಾಮ್ಯಾಕ್ಸ್ ಯಾಕೆ, ವಿಎಚ್‌ಎಸ್ ಯಾಕಲ್ಲ? ಮೇಕಪ್ಪಿನ ಹೊಟ್ಟೆಯ ಸೀಳಿಗೆ ವಿಎಚ್‌ಎಸ್ ದೊಡ್ಡದಾಗಿ ಹಿಡಿಸಲಿಲ್ಲವಂತೆ! ಮಾಧ್ಯಮ ಮನುಷ್ಯನ ಹೊಟ್ಟೆಗೆ ಇಳಿಯುವ ಕಥೆಗೆ ಎಷ್ಟೆಲ್ಲ ವಿದ್ವಾಂಸರು ವ್ಯಾಖ್ಯಾನ ಬರೆದರು. ಅಲ್ಲಿ ಲ್ಯಾಬಿನವನ ಚಿಂತೆ ಮಾತ್ರ, ಸೈಜ್ ಕೂರುತ್ತದಾ ಇಲ್ವಾ.

ನಾವು ಇಂಥ ಸಿನಿಮಾ ನೋಡಿದ್ದು ವಿಎಚ್‌ಎಸ್‌ನಲ್ಲೇ. ಆಗ ವಿಸಿಆರ್ ಬಾಡಿಗೆಗೆ ಸಿಗುತ್ತಿತ್ತು. ಹೋಟೆಲಿನ ಹುಡುಗರು ದುಡ್ಡು ಕೂಡಿಸಿ, ಶಟರ್ ಎಳೆದ ಮೇಲೆ ಮಾಳಿಗೆಯಲ್ಲಿ ಬೆಳಗಾಗುವವರೆಗೆ ನೋಡುವುದು. ಒಂದು ರಾಜ್‌ಕುಮಾರ್, ಒಂದು ಅಮಿತಾಭ್, ಒಂದು ರ‍್ಯಾಮ್ಸೆಯವರ ಹಾರರ್. ರ‍್ಯಾಮ್ಸೆಯವರದು ಮುಂಬೈಯದೇ ಸರಕು. ಮೊದಲು ರೇಡಿಯೋ ಅಂಗಡಿ ಇಟ್ಟಿದ್ದ ಕುಟುಂಬ, ಆಮೇಲೆ ಅಪ್ಪ ಮಕ್ಕಳೆಲ್ಲ ಸೇರಿ ಸಿನಿಮಾಕ್ಕೆ ಇಳಿದರು. 1984ರ 'ಪುರಾನಾ ಮಂದಿರ್' ಭರ್ಜರಿ ಓಡಿತು. ಅದರ ರಾಕ್ಷಸ ಸಾಮ್ರಿಯನ್ನು ಕಂಡು ನಾವು ಹೆದರಿದ್ದಕ್ಕಿಂತ ನಕ್ಕಿದ್ದೇ ಜಾಸ್ತಿ. ಆದರೆ ಒಂದು ರಾತ್ರಿ ಯಾರೋ ಕ್ರೋನೆನ್‌ಬರ್ಗ್ ಅವರ 'ದ ಫ್ಲೈ' ತಂದರು. ಇಂಗ್ಲಿಷ್ ಯಾರಿಗೂ ಬರುತ್ತಿರಲಿಲ್ಲ. ಬರಬೇಕಾಗಿಯೂ ಇರಲಿಲ್ಲ. ಒಬ್ಬ ವಿಜ್ಞಾನಿ ಯಂತ್ರದೊಳಗೆ ಹೋಗುತ್ತಾನೆ, ಜೊತೆಗೆ ಒಂದು ನೊಣವೂ ಹೋಗಿರುತ್ತದೆ. ಆಮೇಲೆ ಅವನ ಮೈ ದಿನದಿನವೂ ಕಳಚುತ್ತಾ ಹೋಗುತ್ತದೆ. ಕಳಚಿದ್ದನ್ನು ಬಚ್ಚಲುಮನೆಯ ಕಪಾಟಿನಲ್ಲಿ ಜೋಡಿಸಿಡುತ್ತಾನೆ, ಮ್ಯೂಸಿಯಂ ಅಂತ ತಮಾಷೆ ಬೇರೆ ಮಾಡುತ್ತಾನೆ. ನಾನಾಗಲೇ ಪ್ಲಾಸ್ಟರ್ ಹುಯ್ಯಲು ಕಲಿತಿದ್ದೆ. ಬೇರೆಯವರು ವಾಂತಿ ಬರುವ ಹಾಗೆ ಮುಖ ಮಾಡಿದಾಗ ನಾನು ಆ ಕಪಾಟನ್ನು ನಮ್ಮ ಲ್ಯಾಬಿನ ಶೆಲ್ಫಿಗೆ ಹೋಲಿಸುತ್ತಾ ಕೂತಿದ್ದೆ.

ಆ ಸಿನಿಮಾದಲ್ಲಿ ಈಗ ನನಗೆ ಹೆಚ್ಚು ಕಾಡುವುದು ಬೇರೆಯೇ ಜಾಗ. ನೊಣವಾಗುತ್ತಿರುವ ಆ ಮನುಷ್ಯ ವಿಡಿಯೋ ಕ್ಯಾಮೆರಾದ ಮುಂದೆ ನಿಂತು, ತಾನು ಊಟ ಮಾಡುವುದು ಹೇಗೆ ಅಂತ ತೋರಿಸುತ್ತಾನೆ. ಹಲ್ಲಿನಿಂದ ಈಗ ಉಪಯೋಗ ಇಲ್ಲ ಅನ್ನುತ್ತಾನೆ. ಮಾತಿನಲ್ಲಿ ಉತ್ಸಾಹ ಇದೆ. ಇನ್ಯಾರೋ ಬೇರೆ ಕಡೆ ಕೂತು ಆ ಟೇಪನ್ನು ನೋಡುತ್ತಾರೆ. 1986ರಲ್ಲಿ ಅದು ವಿಚಿತ್ರ. ಇವತ್ತು ಮೈ ಇಳಿಸಿದ್ದು, ಕೂದಲು ನೆಡಿಸಿದ್ದು, ಹಲ್ಲು ತೆಗೆಸಿದ್ದು, ಎಲ್ಲಕ್ಕೂ ಮೊದಲು ಮತ್ತು ನಂತರದ ರೀಲ್ ಇದೆ.

ಈ ನಿರ್ದೇಶಕರ ಮೇಲೆ ಜನ ಸಿಟ್ಟಾಗಿದ್ದು ಮಾತ್ರ ಬೇರೆ ಕಾರಣಕ್ಕೆ. 1975ರಲ್ಲಿ ಅವರು 'ಶಿವರ್ಸ್' ಮಾಡಿದರು. ಒಂದು ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಒಬ್ಬರಿಂದ ಒಬ್ಬರಿಗೆ ಹರಡುವ ಹುಳುವಿನ ಕಥೆ. ಅದಕ್ಕೆ ಕೆನಡಾ ಸರ್ಕಾರದ ಸಿನಿಮಾ ನಿಧಿಯಿಂದ ದುಡ್ಡು ಸಿಕ್ಕಿತ್ತು. ರಾಬರ್ಟ್ ಫುಲ್‌ಫೋರ್ಡ್ ಎಂಬ ಪತ್ರಕರ್ತರು ಬೇರೆ ಹೆಸರಿನಲ್ಲಿ ಅದನ್ನು ತರಾಟೆಗೆ ತೆಗೆದುಕೊಂಡು ಬರೆದರು. ಈ ಸಿನಿಮಾ ಎಷ್ಟು ಕೆಟ್ಟದಿದೆ ಅಂತ ನಿಮಗೆ ಗೊತ್ತಿರಬೇಕು, ಯಾಕೆಂದರೆ ದುಡ್ಡು ಹಾಕಿದವರು ನೀವು, ಅನ್ನುವ ಅರ್ಥದ ತಲೆಬರಹ. ಕೆನಡಾದ ಪಾರ್ಲಿಮೆಂಟಿನವರೆಗೂ ಗಲಾಟೆ ಹೋಯಿತು. ಆ ಲೇಖನದ ನಂತರ ತಮ್ಮನ್ನು ಬಾಡಿಗೆ ಮನೆಯಿಂದ ಬಿಡಿಸಿದರು ಅಂತ ಕ್ರೋನೆನ್‌ಬರ್ಗ್ ಹೇಳಿಕೊಂಡಿದ್ದಾರೆ. ಮುಂಬೈಯಲ್ಲಿ ಬ್ಯಾಚುಲರ್ ಆಗಿ ಮನೆ ಹುಡುಕಿದವರಿಗೆ ಇದರಲ್ಲಿ ಆಶ್ಚರ್ಯ ಏನೂ ಕಾಣಲ್ಲ. ಸೊಸೈಟಿ ಕಮಿಟಿಯ ಮುಂದೆ ಕೂತು, ಮೀನು ತಿನ್ನುತ್ತೀರಾ, ಫ್ರೆಂಡ್ಸ್ ಬರ್ತಾರಾ ಅಂತ ಉತ್ತರ ಕೊಟ್ಟವರು ನಾವು.

ಚಿತ್ರ ನೋಡಿ ಜನ ಕೆಡುತ್ತಾರೆ ಅನ್ನುವ ಭಯ ಎಲ್ಲ ಊರಿನಲ್ಲೂ ಇತ್ತು. ಇಂಗ್ಲೆಂಡಿನಲ್ಲಿ ಮನೆಗೆ ಬರುವ ಕ್ಯಾಸೆಟ್ಟಿನ ಬಗ್ಗೆ ಎಷ್ಟು ಗಾಬರಿಯಾಯಿತು ಅಂದರೆ, 1984ರಲ್ಲಿ ಪ್ರತ್ಯೇಕ ಕಾನೂನೇ ತಂದರು. ನಮ್ಮಲ್ಲಿ ಇದು ಇನ್ನೂ ಹಳೆಯದು. ಮುಂಬೈಯ ಕೆ. ಎ. ಅಬ್ಬಾಸ್ ನಾಲ್ಕು ನಗರಗಳ ಬಡವರು, ಶ್ರೀಮಂತರ ಬಗ್ಗೆ ಒಂದು ಸಣ್ಣ ಸಾಕ್ಷ್ಯಚಿತ್ರ ಮಾಡಿದ್ದರು. ಅದರಲ್ಲಿ ಮುಂಬೈಯ ವೇಶ್ಯೆಯರ ಬೀದಿಯ ಕೆಲವು ದೃಶ್ಯ. ಸೆನ್ಸಾರಿನವರು ಕತ್ತರಿ ಹಾಕಲು ಹೇಳಿದರು, ಅಬ್ಬಾಸ್ ಸುಪ್ರೀಂ ಕೋರ್ಟಿಗೆ ಹೋದರು. 1970ರಲ್ಲಿ ತೀರ್ಪು ಬಂತು. ಸಿನಿಮಾ ಬೇರೆ ಯಾವ ಕಲೆಗಿಂತಲೂ ಆಳವಾಗಿ ಮನಸ್ಸನ್ನು ಕಲಕುತ್ತದೆ, ಆದ್ದರಿಂದ ಅದನ್ನು ಮೊದಲೇ ಪರೀಕ್ಷೆ ಮಾಡುವುದು ತಪ್ಪಲ್ಲ ಅಂತ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರ ಪೀಠ ಹೇಳಿತು. ಒಂದು ರೀತಿಯಲ್ಲಿ ಸಿನಿಮಾಕ್ಕೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಪುಸ್ತಕಕ್ಕೆ ಇಲ್ಲದ ಶಕ್ತಿ ನಿನಗಿದೆ, ಅದಕ್ಕೇ ನಿನ್ನನ್ನು ಕಟ್ಟಿಹಾಕುತ್ತೇವೆ!

ಶಕ್ತಿಮಾನ್ ಕಾಲ ಕೂಡ ನೆನಪಿರಬೇಕು ನಿಮಗೆ. 1997ರಲ್ಲಿ ದೂರದರ್ಶನದಲ್ಲಿ ಶುರುವಾಯಿತು. ಕಾಪಾಡಲು ಶಕ್ತಿಮಾನ್ ಬರುತ್ತಾನೆ ಅಂತ ಮಕ್ಕಳು ಅಪಾಯಕ್ಕೆ ಕೈಹಾಕುತ್ತಿದ್ದಾರೆ ಎಂಬ ಸುದ್ದಿ ಹರಡಿತು. ನಮ್ಮ ಚಾಳಿನಲ್ಲಿ ತಾಯಂದಿರು ಆ ಹೊತ್ತಿಗೆ ಗ್ಯಾಲರಿಯ ಬಾಗಿಲಿಗೆ ಚಿಲಕ ಹಾಕುತ್ತಿದ್ದರು. ಟಿವಿ ಆರಿಸುತ್ತಿರಲಿಲ್ಲ, ಚಿಲಕ ಹಾಕುತ್ತಿದ್ದರು. ತುಂಬಾ ಪ್ರಾಯೋಗಿಕ ಸೆನ್ಸಾರ್ ಮಂಡಳಿ ಅದು.

ಕ್ರೋನೆನ್‌ಬರ್ಗ್ ಮಾಡಿದ ಕೆಲಸ ಏನೆಂದರೆ, ಈ ಭಯವನ್ನು ತಳ್ಳಿಹಾಕಲಿಲ್ಲ. ಸರಿ, ಚಿತ್ರ ಮನುಷ್ಯನನ್ನು ಬದಲಾಯಿಸುತ್ತದೆ ಅಂತಲೇ ಇಟ್ಟುಕೊಳ್ಳೋಣ, ಮೈಯನ್ನೇ ಬದಲಾಯಿಸಲಿ, ಆಗ ಏನಾಗುತ್ತೆ ನೋಡೋಣ ಅಂದರು. 'ವಿಡಿಯೋಡ್ರೋಮ್'ನ ಮ್ಯಾಕ್ಸ್ ಟೊರೊಂಟೋದಲ್ಲಿ ಒಂದು ಸಣ್ಣ ಚಾನೆಲ್ ನಡೆಸುವವನು. ಜನ ಕದ್ದು ನೋಡುವ ಸರಕೇ ಅವನ ಬಂಡವಾಳ. ಹೊಸದು ಹುಡುಕುತ್ತಾ ಒಂದು ಕಳ್ಳ ಸಿಗ್ನಲ್ ಸಿಗುತ್ತದೆ. ಬರೀ ಹಿಂಸೆ. ಅದನ್ನು ನೋಡಿದವರ ತಲೆಯಲ್ಲಿ ಗಡ್ಡೆ ಬೆಳೆದು ಇಲ್ಲದ್ದೆಲ್ಲ ಕಾಣಲು ಶುರುವಾಗುತ್ತದೆ. ನಿರ್ದೇಶಕರು ಹುಡುಗನಾಗಿದ್ದಾಗ, ಕೆನಡಾದ ಚಾನೆಲ್‌ಗಳು ರಾತ್ರಿ ಮುಚ್ಚಿದ ಮೇಲೆ ಗಡಿಯಾಚೆಯ ಬಫಲೋ ಊರಿನ ಸಿಗ್ನಲ್ ಮನೆಯ ಟಿವಿಗೆ ಸಿಗುತ್ತಿತ್ತಂತೆ. ನೋಡಬಾರದ್ದು ಏನಾದರೂ ಬಂದುಬಿಟ್ಟರೆ ಅನ್ನುವ ಆ ಪುಕುಪುಕು ಈ ಕಥೆಗೆ ಬೀಜ.

ಮಜಾ ಇರುವುದು ಖಳನಾಯಕರಲ್ಲಿ. ಆ ಸಿಗ್ನಲ್ ಬಿಡುವವರು ಹೊಲಸು ಮಾರುವವರಲ್ಲ, ಹೊಲಸನ್ನು ತೊಳೆಯಲು ಹೊರಟವರು. ಇಂಥದ್ದನ್ನು ಆಸೆಪಟ್ಟು ನೋಡುವವರು ಸಾಯಲಿ, ದೇಶ ಶುದ್ಧವಾಗಲಿ ಅನ್ನುವ ಲೆಕ್ಕ. ಹೊರಗೆ ಅವರದ್ದು ಒಂದು ಕನ್ನಡಕದ ಕಂಪನಿ. ಬಡದೇಶಗಳಿಗೆ ಅಗ್ಗದ ಕನ್ನಡಕ, ನೇಟೋ ಸೈನ್ಯಕ್ಕೆ ಕ್ಷಿಪಣಿಗೆ ದಾರಿ ತೋರಿಸುವ ಯಂತ್ರ. ಆ ಬಡದೇಶ ನಾವೇ ಅಂತ ನನಗೆ ಎರಡನೇ ಸಲ ನೋಡಿದಾಗ ಹೊಳೆಯಿತು. ಮಾಧ್ಯಮದ ಪರಿಣಾಮದ ಬಗ್ಗೆ ಎಲ್ಲರಿಗಿಂತ ಜಾಸ್ತಿ ಚಿಂತೆ ಮಾಡುವವರ ಕೈಯಲ್ಲೇ ರಿಮೋಟ್ ಇದೆ. 1983ರಲ್ಲಿ ಸಿನಿಮಾ ಹಾಕಿದ ದುಡ್ಡಿನ ಅರ್ಧವನ್ನೂ ದುಡಿಯದೆ ಬಿದ್ದುಹೋಯಿತು.

ಅದರಲ್ಲಿ ಒಬ್ಬ ಪ್ರೊಫೆಸರ್ ಬರುತ್ತಾರೆ, ಓಬ್ಲಿವಿಯನ್. ಟಿವಿಯೊಳಗೆ ಮಾತ್ರ ಮಾತಾಡುವವರು, ಟೇಪುಗಳಲ್ಲಿ. ಅಸಲಿಗೆ ಸತ್ತು ಎಷ್ಟೋ ಕಾಲವಾಗಿರುತ್ತದೆ. ಮಾಧ್ಯಮಗಳ ಬಗ್ಗೆ ಬರೆದ ಚಿಂತಕ ಮಾರ್ಷಲ್ ಮೆಕ್‌ಲುಹಾನ್ ಅವರನ್ನು ನೋಡಿ ಮಾಡಿದ ಪಾತ್ರ. ಕ್ರೋನೆನ್‌ಬರ್ಗ್ ಓದಿದ ಟೊರೊಂಟೋ ವಿಶ್ವವಿದ್ಯಾಲಯದಲ್ಲೇ ಮೆಕ್‌ಲುಹಾನ್ ಪಾಠ ಹೇಳುತ್ತಿದ್ದರು. ಚಕ್ರ ಕಾಲಿನ ಮುಂದುವರಿಕೆ, ಬಟ್ಟೆ ಚರ್ಮದ ಮುಂದುವರಿಕೆ ಅಂತ 1964ರಲ್ಲೇ ಬರೆದವರು. ಸಿನಿಮಾದಲ್ಲಿ ಈ ಪ್ರೊಫೆಸರರ ಒಂದು ಆಶ್ರಮ ಇದೆ. ಬೀದಿಯಲ್ಲಿ ಮಲಗುವ ಜನರನ್ನು ಒಳಗೆ ಕರೆದು ಟಿವಿ ತೋರಿಸುತ್ತಾರೆ, ಔಷಧಿ ಕೊಟ್ಟ ಹಾಗೆ. ನೋಡುವವರು ನಗುತ್ತಾರೆ. ನನಗೆ ನಗು ಬರಲಿಲ್ಲ. 1996ರ ವಿಶ್ವಕಪ್ಪಿನಲ್ಲಿ ಬೆಂಗಳೂರಿನಲ್ಲಿ ಪಾಕಿಸ್ತಾನದ ಜೊತೆ ಮ್ಯಾಚ್ ಆದ ದಿನ ಮಾವ ಹೋಟೆಲಿನ ಟಿವಿಯನ್ನು ರಸ್ತೆಗೆ ತಿರುಗಿಸಿ ಇಟ್ಟಿದ್ದರು. ಫುಟ್‌ಪಾತಿನವರು, ರಿಕ್ಷಾದವರು, ಭಿಕ್ಷೆ ಬೇಡುವ ಒಬ್ಬ ಮುದುಕ, ಎಲ್ಲ ನಿಂತರು. ನಮ್ಮ ವೆಂಕಟೇಶ್ ಪ್ರಸಾದ್ ಸೊಹೈಲನ ಸ್ಟಂಪ್ ಹಾರಿಸಿದಾಗ ಆ ಮುದುಕ ನನ್ನನ್ನು ತಬ್ಬಿಕೊಂಡ. ಅವನು ಅದುವರೆಗೆ ನಮ್ಮ ಹೋಟೆಲಿನ ಮೆಟ್ಟಿಲು ಹತ್ತಿದವನಲ್ಲ. ಟಿವಿ ಜನರನ್ನು ಹಾಳುಮಾಡುತ್ತೆ ಅನ್ನುವ ಮಾತು ಕೇಳಿದಾಗಲೆಲ್ಲ ಆ ಮುದುಕನನ್ನೂ ಲೆಕ್ಕಕ್ಕೆ ಹಿಡಿಯಬೇಕು ಅನ್ನಿಸುತ್ತದೆ.

ಈಗ ನನ್ನ ಮೇಜಿಗೆ ಬರುತ್ತೇನೆ. ಹಲ್ಲಿನ ಬಣ್ಣ ನೋಡಲು ನಮ್ಮ ಹತ್ತಿರ ಶೇಡ್ ಗೈಡ್ ಇರುತ್ತದೆ. ಪುಟ್ಟ ಪುಟ್ಟ ಹಲ್ಲುಗಳ ಸಾಲು. ವೀಟಾ ಕಂಪನಿಯ ಹಳೆಯ ಗೈಡಿನಲ್ಲಿ ಎ1ರಿಂದ ಡಿ4ರವರೆಗೆ 16 ಬಣ್ಣ. ನಮ್ಮ ಜನರ ಹಲ್ಲು ಸಾಮಾನ್ಯವಾಗಿ ಎ2, ಎ3, ವಯಸ್ಸಾದವರದು ಎ3.5. ನಾನು ಸಿರಾಮಿಕ್ ಕಲಿತದ್ದು ಈ ಬಣ್ಣಗಳ ಮೇಲೆ. ಅಸಲಿ ಹಲ್ಲು ಒಂದೇ ಬಣ್ಣ ಇರುವುದಿಲ್ಲ. ಬುಡದಲ್ಲಿ ಸ್ವಲ್ಪ ಹಳದಿ, ನಡುವೆ ತಿಳಿ, ತುದಿಯಲ್ಲಿ ನೀಲಿ ಛಾಯೆ, ಬೆಳಕು ಹಾಯುವ ಹಾಗೆ. ಪುಡಿಯನ್ನು ಪದರ ಪದರವಾಗಿ ಇಟ್ಟು, ಕುಲುಮೆಯಲ್ಲಿ ಬೇಯಿಸಿ, ಆ ಬೆಳಕನ್ನು ತರಬೇಕು. ಪಕ್ಕದ ಹಲ್ಲಿಗೂ ನಾನು ಮಾಡಿದ ಹಲ್ಲಿಗೂ ವ್ಯತ್ಯಾಸ ಗೊತ್ತಾಗದಿದ್ದರೆ ನಾನು ಗೆದ್ದೆ. ಯಾರಿಗೂ ಕಾಣದಿರುವುದೇ ನಮ್ಮ ಕಸುಬಿನ ಕೀರ್ತಿ.

ಈಚೆಗೆ ಡಾಕ್ಟರುಗಳು ಬರೆದು ಕಳಿಸುವುದು ಬಿಎಲ್1. ಬ್ಲೀಚ್ ಮಾಡಿದ ಹಲ್ಲಿಗೆ ಅಂತ ಬಂದ ಶೇಡು. ಇಪ್ಪತ್ತೆರಡಕ್ಕೂ ಅದೇ, ಅರವತ್ತಕ್ಕೂ ಅದೇ. ಜೊತೆಗೆ ವಾಟ್ಸಾಪಿನಲ್ಲಿ ಒಂದು ಫೋಟೋ. ಯಾರೋ ನಟಿಯ ಫೋಟೋ ಇದ್ದ ಕಾಲ ಹೋಯಿತು. ಈಗ ಬರುವುದು ರೋಗಿಯದ್ದೇ ಸೆಲ್ಫಿ, ಫಿಲ್ಟರ್ ಹಾಕಿದ್ದು. ಈ ಥರ ಬೇಕಂತೆ ಅಂತ ಕೆಳಗೆ ಒಂದು ಸಾಲು. ಅಂದರೆ ಅವರಿಗೆ ಬೇಕಾದದ್ದು ಇನ್ನೊಬ್ಬರ ಮುಖ ಅಲ್ಲ. ತಮ್ಮದೇ ಮುಖ, ಫೋನು ತಿದ್ದಿ ಕೊಟ್ಟದ್ದು. 2018ರಲ್ಲಿ ಅಮೆರಿಕದ ಚರ್ಮವೈದ್ಯರು ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಇದನ್ನೇ ಬರೆದಿದ್ದಾರೆ, ಜನ ತಮ್ಮ ಫಿಲ್ಟರ್ ಸೆಲ್ಫಿ ಹಿಡಿದು ಬಂದು ಹೀಗೆ ಮಾಡಿಕೊಡಿ ಅನ್ನುತ್ತಾರೆ ಅಂತ. ನನಗೆ ಪತ್ರಿಕೆ ಬೇಕಾಗಲಿಲ್ಲ, ನನ್ನ ಫೋನೇ ಸಾಕು. ಫಿಲ್ಟರಿನ ಹಲ್ಲಿಗೆ ಬುಡ ಇಲ್ಲ, ತುದಿ ಇಲ್ಲ, ನೆರಳಿಲ್ಲ. ಒಂದು ಬಿಳಿ ಪಟ್ಟಿ. ಕಂಪ್ಯೂಟರ್ ತಾನೇ ಬರೆದ ಮುಖವಾದರೆ ನಾನು ಮೊದಲು ಬಾಚಿಹಲ್ಲು ಎಣಿಸುತ್ತೇನೆ. ಮೇಲೆ ನಾಲ್ಕಿರಬೇಕಾದಲ್ಲಿ ಕೆಲವೊಮ್ಮೆ ಆರು ಇರುತ್ತವೆ, ಒಮ್ಮೊಮ್ಮೆ ಮೂಗಿನ ನೇರಕ್ಕೆ ಸರಿಯಾಗಿ ನಡುವೆ ಒಂದು ಹಲ್ಲು! ನನ್ನ ಮಗಳು ಕಾಲೇಜಿನಲ್ಲಿ ಗೆಳತಿಯರಿಗೆ ಈ ಉಪಾಯ ಕಲಿಸಿದ್ದಾಳೆ.

ಒಂದು ಕೇಸ್ ಹೇಳುತ್ತೇನೆ. ಹುಡುಗಿ ಚಿಕ್ಕ ವಯಸ್ಸಿನವಳು. ಮೊದಲು ಬಂದ ಮಾಡೆಲ್ ನೋಡಿದರೆ ಹಲ್ಲುಗಳಿಗೆ ಏನೂ ಆಗಿರಲಿಲ್ಲ. ಒಂದು ಕೋರೆಹಲ್ಲು ಸ್ವಲ್ಪ ಹೊರಗೆ, ಅಷ್ಟೇ. ಎರಡನೇ ಮಾಡೆಲ್ ಬಂದಾಗ ಮುಂದಿನ ಹಲ್ಲುಗಳನ್ನೆಲ್ಲ ತೇಯ್ದಿದ್ದರು. ವಿನೀರ್, ಅಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ, ಕೂರಬೇಕಾದರೆ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್‌ನಷ್ಟು ಎನಾಮೆಲ್ (ಹಲ್ಲಿನ ಗಟ್ಟಿ ಹೊರಪದರ) ತೆಗೆಯುತ್ತಾರೆ. ಇಲ್ಲಿ ಅದಕ್ಕಿಂತ ಜಾಸ್ತಿ. ಎನಾಮೆಲ್ ಮತ್ತೆ ಬೆಳೆಯುವ ವಸ್ತು ಅಲ್ಲ. ಎರಡು ಮಾಡೆಲ್‌ಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕೆಲಸ ಮಾಡುವಾಗ ನನಗೆ ಬಚ್ಚಲುಮನೆಯ ಆ ಕಪಾಟು ಕಣ್ಣಿಗೆ ಕಟ್ಟಿತು. ಪರದೆ ಮನುಷ್ಯನ ಮೈಗೆ ಇಳಿಯುವುದು ಹೇಗೆ ಅಂತ ಕ್ರೋನೆನ್‌ಬರ್ಗ್ ನೆತ್ತರು, ಗಡ್ಡೆ, ಸೀಳು ಎಲ್ಲ ಹಾಕಿ ತೋರಿಸಿದರು. ನಮ್ಮಲ್ಲಿ ಅದು ಏಸಿ ಕೋಣೆಯಲ್ಲಿ, ಇಎಂಐ ಮೇಲೆ, ನಗುನಗುತ್ತಾ ಆಗುತ್ತದೆ.

ಎಲ್ಲ ವಿನೀರೂ ಹೀಗೆ ಅಂತ ತಿಳಿಯಬೇಡಿ. ಪಾವಗಡ ಕಡೆಯ ಒಬ್ಬ ಹುಡುಗನಿಗೆ ಮಾಡಿದ್ದೆ. ಊರಿನ ನೀರಿನ ಫ್ಲೋರೈಡಿನಿಂದ ಹಲ್ಲೆಲ್ಲ ಕಂದು ಕಲೆ. ಇಲ್ಲಿ ಕೆಲಸಕ್ಕೆ ಬಂದವನು, ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡುತ್ತಿದ್ದನಂತೆ. ಅವನಿಗೆ ಎ2 ಮಾಡಿ ಕೊಟ್ಟೆವು. ಬೈಕಿನಿಂದ ಬಿದ್ದು ಮುಂದಿನ ಹಲ್ಲು ಮುರಿದವರು, ಕ್ಯಾನ್ಸರಿಗೆ ದವಡೆ ಕೊಟ್ಟವರು, ಇವರಿಗೆ ನಮ್ಮ ಕಸುಬು ಬೇಕೇ ಬೇಕು. ಸಿಟ್ಟು ಬರುವುದು ಚೆನ್ನಾಗಿರುವ ಹಲ್ಲನ್ನು ತೇಯುವಾಗ ಮಾತ್ರ. ಸಿನಿಮಾದಲ್ಲಿ ಒಂದು ಹಲ್ಲು ಕಳಚಿದರೆ ಎ ಸರ್ಟಿಫಿಕೇಟ್, ಈಗ ಹೊಸದಾಗಿ ಏಳು, ಹದಿಮೂರು, ಹದಿನಾರು ವರ್ಷ ಅಂತ ಯುಎ ಒಳಗೂ ಭಾಗ ಮಾಡಿದ್ದಾರೆ. ಕೆನ್ನೆ ತೆಳ್ಳಗೆ ಮಾಡಿ ಹಲ್ಲು ಬಿಳಿ ಮಾಡುವ ಫಿಲ್ಟರನ್ನು ಹತ್ತು ವರ್ಷದ ಮಗು ಊಟದ ಮಧ್ಯೆ ಹಾಕಿಕೊಂಡು ಕೂರುತ್ತದೆ.

'ದ ಸಬ್‌ಸ್ಟೆನ್ಸ್' ಬಂದಾಗ ಹೆಂಡತಿಯನ್ನೂ ಕೂರಿಸಿಕೊಂಡೆ. 2024ರ ಸಿನಿಮಾ, ಫ್ರಾನ್ಸಿನ ಕೊರಾಲಿ ಫಾರ್ಜಾ ಎಂಬ ನಿರ್ದೇಶಕಿಯದು. ಮೇಕಪ್ಪಿಗೆ ಆಸ್ಕರ್ ಕೂಡ ಬಂತು. ಟಿವಿಯಲ್ಲಿ ವ್ಯಾಯಾಮದ ಕಾರ್ಯಕ್ರಮ ನಡೆಸುವ ಒಬ್ಬಳಿಗೆ ಐವತ್ತಾಯಿತು ಅಂತ ಕೆಲಸದಿಂದ ತೆಗೆಯುತ್ತಾರೆ. ಅವಳು ಒಂದು ಚುಚ್ಚುಮದ್ದು ತೆಗೆದುಕೊಳ್ಳುತ್ತಾಳೆ. ಬೆನ್ನು ಸೀಳಿಕೊಂಡು ಚಿಕ್ಕ ಪ್ರಾಯದ ಇನ್ನೊಬ್ಬಳು ಬರುತ್ತಾಳೆ, ಅದೇ ಕೆಲಸಕ್ಕೆ ಸೇರುತ್ತಾಳೆ. ಬೆನ್ನಿನ ದೃಶ್ಯಕ್ಕೆ ನಮ್ಮವಳು "ನಿಮಗೆ ಮರ್ಲಾ ಮಾರಾಯ್ರೆ, ಇದನ್ನೆಲ್ಲ ನೋಡೂದಾ?" ಅಂತ ಬೈದಳು. ಆದರೆ ಎದ್ದು ಹೋಗಲಿಲ್ಲ. ಕೊನೆಕೊನೆಗೆ ಆ ಚಿಕ್ಕವಳು ಕನ್ನಡಿಯ ಮುಂದೆ ನಿಂತು ತನ್ನ ಹಲ್ಲು ಕೀಳುವಾಗ, "ನಿಮ್ಮ ಲ್ಯಾಬಿಗೆ ಒಂದು ಕೇಸ್ ಬಂತು" ಅಂದಳು.

ಅವಳು ಮಾತಿಲ್ಲದೆ ನೋಡಿದ್ದು ಒಂದೇ ದೃಶ್ಯ. ಅದರಲ್ಲಿ ಒಂದು ಹನಿ ರಕ್ತ ಇಲ್ಲ. ಐವತ್ತರ ಹೆಂಗಸು ಹಳೆಯ ಸಹಪಾಠಿಯೊಬ್ಬನ ಜೊತೆ ಊಟಕ್ಕೆ ಹೊರಡುತ್ತಾಳೆ. ಕೆಂಪು ಬಟ್ಟೆ, ಚಂದ ಕಾಣುತ್ತಾಳೆ. ಬಾಗಿಲ ಹತ್ತಿರ ಹೋದವಳು ಕಿಟಕಿಯಾಚೆ ಚಿಕ್ಕವಳ ದೊಡ್ಡ ಜಾಹೀರಾತು ಫಲಕ ನೋಡುತ್ತಾಳೆ. ವಾಪಸ್ ಕನ್ನಡಿಗೆ. ಲಿಪ್‌ಸ್ಟಿಕ್ ತಿದ್ದುತ್ತಾಳೆ. ಮತ್ತೆ ಹೊರಡುತ್ತಾಳೆ, ಮತ್ತೆ ವಾಪಸ್. ಕೊನೆಗೆ ಮುಖವನ್ನೆಲ್ಲ ಒರೆಸಿ, ಉಜ್ಜಿ, ಊಟಕ್ಕೆ ಹೋಗುವುದೇ ಇಲ್ಲ. ಸಿನಿಮಾ ಮುಗಿದ ಮೇಲೆ ಹೆಂಡತಿ, ತನ್ನ ತಂಗಿ ಕರ್ನಾಟಕ ಸಂಘದ ಕಾರ್ಯಕ್ರಮಕ್ಕೆ ಬರುವುದನ್ನು ಬಿಟ್ಟದ್ದು ಯಾಕೆ ಅಂತ ಹೇಳಿದಳು. ಯಾರೋ ಗ್ರೂಪಿನಲ್ಲಿ ಹಾಕಿದ ಫೋಟೋದಲ್ಲಿ ತಾನು ದಪ್ಪ ಕಂಡೆ ಅಂತಂತೆ. ನನಗೆ ಗೊತ್ತೇ ಇರಲಿಲ್ಲ.

ನಿಜ ಹೇಳಬೇಕೆಂದರೆ ಆ ಸಿನಿಮಾದ ಕೊನೆಯ ಭಾಗ ನನಗೆ ಜಾಸ್ತಿಯಾಯಿತು. ರಕ್ತದ ಪೈಪೇ ಬಿಟ್ಟಿದ್ದಾರೆ. ರಬ್ಬರಿನ ಕೆಲಸ ಮಾತ್ರ ಅಚ್ಚುಕಟ್ಟು, ಅದರಲ್ಲಿ ಮಾತಿಲ್ಲ. 'ವಿಡಿಯೋಡ್ರೋಮ್' ಕೂಡ ಅರ್ಧಕ್ಕೆ ಬಂದ ಮೇಲೆ ಎಳೆ ತಪ್ಪುತ್ತದೆ, ಯಾವುದು ನಡೆದದ್ದು ಯಾವುದು ಭ್ರಮೆ ಅಂತ ಹಿಡಿಯಲು ಆಗಲ್ಲ. ಹೊಸದಾಗಿ ನೋಡುವವರು 'ದ ಫ್ಲೈ'ಯಿಂದ ಶುರು ಮಾಡಿ. ಅದು ಮೊದಲು ಒಂದು ಪ್ರೀತಿಯ ಕಥೆ, ಆಮೇಲೆ ಕಾಯಿಲೆಯ ಕಥೆ. ಮನೆಯಲ್ಲಿ ಯಾರಿಗಾದರೂ ದೀರ್ಘ ಕಾಯಿಲೆ ಇದ್ದರೆ ಮಾತ್ರ ಸದ್ಯಕ್ಕೆ ಬೇಡ. ಊಟದ ಜೊತೆಯಂತೂ ಬೇಡವೇ ಬೇಡ. ಹಲ್ಲಿಗಿಂತ ಮೊದಲು ಉಗುರಿನ ದೃಶ್ಯ ಒಂದಿದೆ, ಬಚ್ಚಲುಮನೆಯಲ್ಲೇ. ಹಲ್ಲಿಗೆ ನಾನು ಕಣ್ಣು ಮಿಟುಕಿಸುವುದಿಲ್ಲ. ಉಗುರಿಗೆ ಇವತ್ತಿಗೂ ಕಣ್ಣು ಮುಚ್ಚುತ್ತೇನೆ.